ಒಂದೂವರೆ ಪಟ್ಟು

9 ಡಿಸೆಂಬರ್ 2024, ಸೋಮವಾರ

ಸಸ್ತಾಪುರ ಬಂಗ್ಲಾದಲ್ಲಿ ಸೀಟು ಸಿಕ್ಕಿತು. ಹೆಂಗಸರಿಗೆ ಬಸ್ ಉಚಿತವಾಗಿಸಿದ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಹುಮನಾಬಾದ್ ಬಸ್ಸಿನಲ್ಲಿ ಕೂತು ಹೋಗುವುದು ಅಪರೂಪ. ಆಧಾರ್ ತೋರಿಸಿ, ಟಿಕೆಟ್ ಪರ್ಸಿಗೆ ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡೆ. ಕಲ್ಯಾಣದ ಚಾಲುಕ್ಯರ ಇತಿಹಾಸದ ಆಡಿಯೋ ಪುಸ್ತಕ. ವೇಗ 1.5ಕ್ಕೆ ಇಟ್ಟೆ. ಹತ್ತು ತಾಸಿನ ಪುಸ್ತಕ ಆರು ತಾಸು ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಆ ಲೆಕ್ಕವೇ ಖುಷಿ.

ಮನೆ ಸೇರಿದರೆ ರೊಟ್ಟಿ, ತಿದ್ದಬೇಕಾದ ನೋಟ್‌ಬುಕ್ಕುಗಳು, ಅತ್ತೆಯ ಗುಳಿಗೆ. ಬಸವಕಲ್ಯಾಣದಿಂದ ಹುಮನಾಬಾದಿನ ನನ್ನ ಶಾಲೆಗೆ ಸುಮಾರು ಮೂವತ್ತು ಕಿಲೋಮೀಟರ್. ನನ್ನದು ಅಂತ ಇರುವುದು ಅಷ್ಟೇ.

11 ಡಿಸೆಂಬರ್, ಬುಧವಾರ

1.75. ರಾಜೇಶ್ವರದ ತನಕ ಚೆನ್ನಾಗಿ ಹೋಯಿತು. ಆರನೆಯ ವಿಕ್ರಮಾದಿತ್ಯ ಅಣ್ಣ ಸೋಮೇಶ್ವರನನ್ನು ಇಳಿಸಿ 1076ರಲ್ಲಿ ಪಟ್ಟಕ್ಕೆ ಬಂದ, ತನ್ನ ಹೆಸರಿನ ಶಕೆ ನಡೆಸಿದ. ಬಿಲ್ಹಣ ಬಂದ, ಮಿತಾಕ್ಷರದ ವಿಜ್ಞಾನೇಶ್ವರ ಬಂದ. ಎಲ್ಲ ಸ್ಪಷ್ಟ. ಆಮೇಲೆ ಸುಂಕ, ದತ್ತಿ, ಆಡಳಿತದ ಅಧ್ಯಾಯ. ಸ್ಟ್ಯಾಂಡಿನಲ್ಲಿ ಇಳಿದಾಗ ಅದರ ಒಂದು ಸಾಲೂ ತಲೆಯಲ್ಲಿ ಇರಲಿಲ್ಲ.

ಮೊದಲನೆಯದು ನನಗೆ ಮೊದಲೇ ಗೊತ್ತಿತ್ತು. ಎರಡನೆಯದು ಹೊಸದು. ಹಾಗಾದರೆ 1.75ರಲ್ಲಿ ನಾನು ಕೇಳುತ್ತಿರುವುದು ಪುಸ್ತಕವನ್ನೋ, ನನ್ನ ನೆನಪನ್ನೋ?

15 ಡಿಸೆಂಬರ್, ಭಾನುವಾರ, ಮಾಣಿಕನಗರ

ದತ್ತ ಜಯಂತಿಯ ಉತ್ಸವ. ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ಸಂಗೀತ. ವಿಲಂಬಿತದಲ್ಲಿ ಒಂದೇ ಸ್ವರದ ಮೇಲೆ ಎಷ್ಟು ಹೊತ್ತು ನಿಂತರು! ನಂತರ ದ್ರುತ್, ತಾನುಗಳು. ವೇಗ ಎಷ್ಟೇ ಏರಿದರೂ ಪ್ರತಿ ಸ್ವರಕ್ಕೂ ತನ್ನ ಜಾಗ ಇತ್ತು. ಆ ವೇಗ ಹಾಡುವವರ ಒಳಗಿಂದ ಬಂದದ್ದು. ನನ್ನ ಫೋನಿನ ವೇಗ ಪುಸ್ತಕ ಓದಿದವರದಲ್ಲ. ಹೊರಗಿಂದ ಹೇರಿದ್ದು.

ತಡವಾಗಿ ಬಂದೆ. ಕಾಲು ನೋವು. ಮನಸ್ಸು ಹಗುರ.

18 ಡಿಸೆಂಬರ್, ರಾತ್ರಿ 11

ನಿದ್ದೆ ಬರಲಿಲ್ಲ, ವೇಗದ ಮಾತಿನ ಬಗ್ಗೆ ಓದುತ್ತ ಕೂತೆ. ಮೊದಲೆಲ್ಲ ಟೇಪನ್ನು ಜೋರಾಗಿ ಓಡಿಸಿದರೆ ದನಿ ಕೀಚಲು ಆಗುತ್ತಿತ್ತು. 1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಬೇರೆ ದಾರಿ ಹಿಡಿದ. ಮಾತನ್ನು ಸೆಕೆಂಡಿನ ಸಣ್ಣ ಸಣ್ಣ ಚೂರು ಮಾಡಿ, ನಡುನಡುವೆ ಕೆಲವನ್ನು ಬಿಟ್ಟು, ಉಳಿದದ್ದನ್ನು ಜೋಡಿಸಿದರೆ ದನಿಯ ಮಟ್ಟ ಹಾಗೇ ಇರುತ್ತದೆ, ಕಾಲ ಮಾತ್ರ ಕುಗ್ಗುತ್ತದೆ. ಇಂದಿನ ಫೋನೂ ಮಾಡುವುದು ಅದರದೇ ಸುಧಾರಿಸಿದ ರೂಪ.

ಅಂಧ ವಿದ್ಯಾರ್ಥಿಗಳಿಗಾಗಿ ಇದರ ಮೇಲೆ ಬಹಳ ದುಡಿದವನು ಎಮರ್ಸನ್ ಫೌಲ್ಕ್. ನಿಮಿಷಕ್ಕೆ ಸುಮಾರು 275 ಪದ ದಾಟಿದರೆ ಗ್ರಹಿಕೆ ಸರ್ರನೆ ಇಳಿಯುತ್ತದೆ ಎಂಬುದು 1969ರ ಹೊತ್ತಿಗೆ ತಿಳಿದಿತ್ತು. ಇನ್ನೊಂದು ಮಾತು ಹಿಡಿಸಿತು. ಬಿಡಿ ಪದ ಕಿವಿಗೆ ಗುರುತು ಸಿಗುವ ವೇಗ ಬೇರೆ, ಇಡೀ ಮಾತು ಅರ್ಥವಾಗುವ ವೇಗ ಬೇರೆ. ಪದಗಳು ಕೇಳುತ್ತಲೇ ಇರುತ್ತವೆ, ಅರ್ಥ ಮೊದಲೇ ಕೈಬಿಟ್ಟಿರುತ್ತದೆ. ಕಳೆದ ಬುಧವಾರದ ಸುಂಕದ ಅಧ್ಯಾಯ ಹೀಗೇ ಆಯಿತು.

ಆದರೆ 275 ಇಂಗ್ಲಿಷ್ ಪದ. ನನ್ನ ಕನ್ನಡ ಆಡಿಯೋ ಪುಸ್ತಕದ ಒಂದು ನಿಮಿಷ ಎಣಿಸಿದೆ, ನೂರು ಪದದ ಆಸುಪಾಸು. ‘ಹೋಗಬೇಕಾಗಿದ್ದವರಿಗೆ’ ನಮಗೆ ಒಂದೇ ಪದ. ಕನ್ನಡಕ್ಕೆ ಅಕ್ಷರದ ಲೆಕ್ಕವೇ ಬೇಕು.

21 ಡಿಸೆಂಬರ್, ಶನಿವಾರ

ಒಂಬತ್ತನೇ ತರಗತಿಗೆ ಎರಡು ಗದ್ಯಭಾಗ ಕೇಳಿಸಿದೆ. ಒಂದು ಸಹಜ ವೇಗ, ಇನ್ನೊಂದು 1.5. ತಲಾ ಐದು ಪ್ರಶ್ನೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಉರ್ದು, ಮರಾಠಿ, ಲಂಬಾಣಿ ಮನೆಯ ಮಕ್ಕಳು ಎರಡನೆಯದರಲ್ಲಿ ಪೆನ್ನು ಹಿಡಿದು ಸುಮ್ಮನೆ ಕೂತರು. ಸಹಜ ವೇಗದಲ್ಲಿ ಅವರೇ ಪಟಪಟ ಬರೆದಿದ್ದರು. ನನ್ನ ತರಗತಿಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಕನ್ನಡ ಎರಡನೆಯ ಭಾಷೆ. ಪಾಠ ಹೇಳುವಾಗ ನಾನೇ ಎಷ್ಟು ವೇಗವಾಗಿ ಮಾತಾಡುತ್ತೇನೆ?

ಒಂದು ವಾಕ್ಯ ‘ಒಪ್ಪಲಿಲ್ಲ’ ಎಂದು ಮುಗಿಯುತ್ತಿತ್ತು. ಹಲವರು ‘ಒಪ್ಪಿದನು’ ಎಂದು ಬರೆದಿದ್ದಾರೆ. ಕನ್ನಡದಲ್ಲಿ ನಿಷೇಧ ರೂಪ ವಾಕ್ಯದ ಕೊನೆಗೆ ಬರುತ್ತದೆ, ಅಲ್ಲಿಗೆ ದನಿಯೂ ಇಳಿದಿರುತ್ತದೆ. ಅಷ್ಟರಲ್ಲಿ ಮುಂದಿನ ವಾಕ್ಯ ಬಂದು ಬೀಳುತ್ತದೆ. ಇದನ್ನು ಯೋಚಿಸುತ್ತಲೇ ಬಸ್ ಹತ್ತಿದೆ. ಏನೂ ಕೇಳಲಿಲ್ಲ.

30 ಡಿಸೆಂಬರ್, ಯಳ ಅಮಾಸಿ

ಹೊಲ. ತೊಗರಿ ಚೆನ್ನಾಗಿದೆ. ಭೂತಾಯಿಗೆ ಚರಗ ಚೆಲ್ಲಿ ಬಂದೆವು. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಫೋನ್ ಚೀಲದಲ್ಲೇ.

2 ಜನವರಿ 2025, ಗುರುವಾರ

ಸಿದ್ಧೇಶ್ವರ ಸ್ವಾಮೀಜಿ ತೀರಿಕೊಂಡು ಎರಡು ವರ್ಷ. ಅತ್ತೆ ಬೆಳಿಗ್ಗೆಯಿಂದ ಅವರ ಪ್ರವಚನ ಹಚ್ಚಲು ಹೇಳುತ್ತಿದ್ದರು. ನನ್ನ ಫೋನಿನಲ್ಲಿ 1.5 ಹಾಗೇ ಇತ್ತು.

“ಅಪ್ಪಗೋಳಿಗಿ ಇವತ್ತ ಏನ್ ಗಡಿಬಿಡಿ ಅದನೋ?”

ಸಹಜ ವೇಗಕ್ಕೆ ತಂದೆ. ಒಂದು ಮಾತು, ಬಿಡುವು. ಇನ್ನೊಂದು ಮಾತು, ಮತ್ತೆ ಬಿಡುವು. ಅತ್ತೆ ಆ ಬಿಡುವಿನಲ್ಲಿ ‘ಹೌದ್ ನೋಡು’ ಅನ್ನುತ್ತಾರೆ. 1.5ರಲ್ಲಿ ಅವರಿಗೆ ಹೌದೆನ್ನಲು ಜಾಗವೇ ಸಿಕ್ಕಿರಲಿಲ್ಲ. ವಯಸ್ಸಾದವರಿಗೆ ವೇಗದ ಮಾತು ಹೆಚ್ಚು ಕಷ್ಟ. ಕುಗ್ಗಿಸಿದ ಮಾತಿಗೆ ವಾಕ್ಯದ ತುದಿಗಳಲ್ಲಿ ಬಿಡುವನ್ನು ಮರಳಿ ಕೊಟ್ಟರೆ ನೆನಪು ಸುಧಾರಿಸುತ್ತದೆ ಎಂದು ಆರ್ಥರ್ ವಿಂಗ್‌ಫೀಲ್ಡ್ ಮತ್ತು ಜೊತೆಯವರು 1999ರಲ್ಲಿ ತೋರಿಸಿದ್ದಾರೆ. ಕಿವಿಗೆ ಬೇಕಾದದ್ದು ನಿಧಾನಕ್ಕಿಂತ ಹೆಚ್ಚಾಗಿ ಈ ಬಿಡುವೇ ಇರಬಹುದು.

ಕೆಲವು ಆ್ಯಪ್‌ಗಳಲ್ಲಿ ಮೌನವನ್ನು ತಾನಾಗಿ ಕತ್ತರಿಸುವ ಗುಂಡಿಯೂ ಇದೆ. ಈ ಪ್ರವಚನಕ್ಕೆ ಅದನ್ನು ಒತ್ತಿದರೆ ಏನು ಉಳಿದೀತು? ಸಿಟ್ಟು ಬಂತು.

4 ಜನವರಿ, ಶನಿವಾರ

ಲೂಯಿ ಬ್ರೈಲ್ ಹುಟ್ಟಿದ ದಿನ. ಶಾಲೆ ಬಿಟ್ಟ ಮೇಲೆ ನನ್ನ ಹಳೆಯ ವಿದ್ಯಾರ್ಥಿಯ ಮನೆಗೆ ಹೋದೆ. ಹುಟ್ಟಿನಿಂದ ಕಣ್ಣಿಲ್ಲ. ಪರೀಕ್ಷೆಗೆ ಓದುತ್ತಿದ್ದಾನೆ. ಫೋನು ಅವನಿಗೆ ನೋಟ್ಸ್ ಓದಿ ಹೇಳುತ್ತಿತ್ತು. ಕನ್ನಡ ಅಂತಲೇ ನನಗೆ ಗೊತ್ತಾಗಲಿಲ್ಲ, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ನಿಲ್ಲಿಸಿ ಕೇಳಿದೆ. ಮೂರು ವಾಕ್ಯ ಹಾಗೇ ಒಪ್ಪಿಸಿದ, ಇಸವಿ ಸಮೇತ.

“ಹ್ಯಾಂಗೋ ತಮ್ಮಾ?”

“ನೀವ್ ಪುಟದ ಮ್ಯಾಲ ಕಣ್ಣ್ ಓಡಸ್ತೀರಿ ಅಕ್ಕೋರೆ, ನಾ ಕಿವಿ ಓಡಸ್ತೀನಿ. ಅಷ್ಟೇ ರೀ.”

ನನ್ನ ಆಡಿಯೋ ಪುಸ್ತಕ ಅದೇ ವೇಗದಲ್ಲಿ ಕೇಳುತ್ತೀಯಾ ಎಂದೆ. ಬೇಡ ಅಂದ. “ಮನುಷ್ಯಾರ ದನಿ ಓಡಿಸಿದ್ರ ಉಸುರ ಕಟ್ ಆಗ್ತದ್ರಿ. ಮಷಿನ್ನಿಗಿ ಉಸುರೇ ಇಲ್ಲ.” ಇದು ಖರೆ. ಇ-ಸ್ಪೀಕ್‌ನಂಥ ಕೃತಕ ದನಿ ಒರಟು, ಆದರೆ ಬಹಳ ಓಡಿಸಿದರೂ ಅಕ್ಷರ ಅಷ್ಟಾಗಿ ಕಲಸುವುದಿಲ್ಲ. ಅದಕ್ಕೇ ಎಷ್ಟೋ ಅಂಧ ಓದುಗರು ಇಂಪಾದ ದನಿ ಬಿಟ್ಟು ಅದನ್ನೇ ಹಿಡಿಯುತ್ತಾರೆ. ವರ್ಷಗಟ್ಟಲೆ ಪಳಗಿದ ಕಿವಿ ಅವನದು. ಕಥೆ ಆದರೆ? ಅವನ ಅಕ್ಕ ಓದಿ ಹೇಳಬೇಕಂತೆ, ಅದೂ ಮೆಲ್ಲಗೆ.

ವೇಗದ ಬಗ್ಗೆ ಗುರುವಾರ ಬಂದ ಸಿಟ್ಟು ಇವತ್ತು ಉಳಿದಿಲ್ಲ. ಈ ಹುಡುಗನಿಗೆ ವೇಗ ಅಂದರೆ ಉಳಿದವರ ಸಮಕ್ಕೆ ನಿಲ್ಲುವ ದಾರಿ.

9 ಜನವರಿ, ಬಸ್ಸಿನಲ್ಲಿ, ಸಂಜೆ

ಕಾದಂಬರಿ, 1.5. ಕೊನೆಯ ಭಾಗ. ಒಬ್ಬಳು ಸತ್ತಳು. ಯಾರು, ಹೇಗೆ, ಯಾಕೆ, ಎಲ್ಲ ತಿಳಿಯಿತು. ಏನೂ ಅನ್ನಿಸಲಿಲ್ಲ. ಹಿಂದಕ್ಕೆ ಹೋಗಿ ಸಹಜ ವೇಗದಲ್ಲಿ ಹಚ್ಚಿದೆ. ಓದುವವರ ಗಂಟಲು ಒಂದು ಕಡೆ ಕಟ್ಟಿದೆ. ಮೊದಲ ಸಲ ಅದು ಕೇಳಿರಲಿಲ್ಲ. ಕಿಟಕಿ ಕಡೆ ಮುಖ ಮಾಡಿ ಕೂತೆ.

ಐದು ಪ್ರಶ್ನೆ ಕೊಟ್ಟಿದ್ದರೆ ಮೊದಲ ಸಲವೇ ಐದಕ್ಕೆ ಐದು ಬರೆಯುತ್ತಿದ್ದೆ. ಹಾಗಾದರೆ ಗ್ರಹಿಕೆ ಅಂತ ನಾವು ಅಳೆಯುತ್ತಿರುವುದು ಏನನ್ನು? ಅಥವಾ ಎರಡನೇ ಸಲ ಕೇಳಿದ್ದಕ್ಕೇ ಹಾಗಾಯಿತೋ?

20 ಜನವರಿ, ಸೋಮವಾರ

ಹತ್ತನೇ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಪಾಠದ ಆಡಿಯೋ ಹಾಕಿದೆ. ನನ್ನದೇ ದನಿ, ಹದಿನೈದು ನಿಮಿಷ. ವಾಕ್ಯದ ತುದಿಯಲ್ಲಿ ಬೇಕೆಂದೇ ನಿಂತು ಓದಿದೆ, ‘ಇಲ್ಲ’ಗಳನ್ನು ಒತ್ತಿ. ಹುಮನಾಬಾದಿನಲ್ಲಿ ವೀರಭದ್ರೇಶ್ವರ ಜಾತ್ರೆಯ ಗದ್ದಲ ಶುರುವಾಗಿದೆ. ಯಾರು ಕೇಳುತ್ತಾರೋ.

23 ಜನವರಿ, ಗುರುವಾರ

ಹತ್ತನೇ ತರಗತಿಯ, ತಾಂಡಾದ ಹುಡುಗಿಯೊಬ್ಬಳು ಸೋಮವಾರದ ಆಡಿಯೋದ ಮೇಲಿನ ಎಲ್ಲ ಪ್ರಶ್ನೆಗೂ ಸರಿಯಾಗಿ ಬರೆದಿದ್ದಾಳೆ. ‘ಒಪ್ಪಲಿಲ್ಲ’ದಂಥವೂ ಸರಿ. ಸಹಜ ವೇಗದಲ್ಲಿ ಕೇಳಿದ್ದಾಳೆ ಅಂದುಕೊಂಡೆ. ಇಲ್ಲ, 2ರಲ್ಲಿ.

“ಅವ್ವ ಮೊಬೈಲ್ ಕೊಡೋದು ಅರ್ಧ ತಾಸ್ರಿ ಅಕ್ಕೋರೆ. ಜಲ್ದಿ ಇಟ್ರ ನಾಕ್ ಸರ್ತಿ ಆಗ್ತದ್ರಿ, ಇಲ್ಲಂದ್ರ ಎರಡೇ.”

2021ರಲ್ಲಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎಯಲ್ಲಿ ಇಂಥದನ್ನೇ ಕಂಡಿದ್ದರು. ಪಾಠದ ವಿಡಿಯೋ 2ರ ವೇಗದಲ್ಲಿ ಎರಡು ಸಲ ನೋಡಿ, ಎರಡನೆಯದನ್ನು ಪರೀಕ್ಷೆಗೆ ತುಸು ಮುಂಚೆ ಇಟ್ಟುಕೊಂಡವರು, ಸಹಜ ವೇಗದಲ್ಲಿ ಒಮ್ಮೆ ನೋಡಿದವರಿಗಿಂತ ಚೆನ್ನಾಗಿ ಬರೆದರು. ಇವಳು ಅದನ್ನು ಓದಿಲ್ಲ. ಮೊಬೈಲ್ ಸಿಗುವ ಹೊತ್ತಿಗೆ ತಕ್ಕ ಹಾಗೆ ತಾನೇ ಕಂಡುಕೊಂಡಿದ್ದಾಳೆ.

ಇದು ಗದ್ಯ. ಸೋಮವಾರ ಪದ್ಯ ಓದಿ ಹಾಕುತ್ತೇನೆ. ನಾಲ್ಕು ಸಲ ಕೇಳಿದ ಮೇಲೆ ಯಾವ ಸಾಲು ಹಿಡಿಸಿತು ಅಂತ ಮಾತ್ರ ಅವಳನ್ನು ಕೇಳಬೇಕು.