ಮಲ್ಲತ್ತಹಳ್ಳಿ ಕೆರೆ ಸುತ್ತಿದರೆ ತೂಕ ಎಷ್ಟು ದಿನಕ್ಕೆ ಇಳಿಯುತ್ತೆ?

ಬೆಳಗ್ಗೆ ಆರು ಗಂಟೆಗೆ ಮಲ್ಲತ್ತಹಳ್ಳಿ ಕೆರೆ ಕಡೆ ಬನ್ನಿ. ಎಪ್ಪತ್ತು ಎಕರೆಗೂ ಮೀರಿದ ಕೆರೆ. ಒಂದು ಕಡೆ ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳು, ಹತ್ತಿರದಲ್ಲೇ ಕಲಾಗ್ರಾಮ. ನಾಗರಭಾವಿ, ಉಲ್ಲಾಳದ ಕಡೆಯಿಂದ ಬಂದವರ ಮಾತು ಸುಮ್ಮನೆ ಕೇಳಿಸಿಕೊಳ್ಳಿ. ‘ತಂಗಿ ಮದುವೆಗೆ ಇನ್ನೆರಡು ತಿಂಗಳಿದೆ ಕಣೇ, ಎಂಟು ಕೆಜಿ ಇಳೀಬೇಕು.’ ‘ಒಂದು ತಿಂಗಳಾಯ್ತು ಗುರು, ಮುಳ್ಳು ಅಲ್ಲಾಡ್ತಾನೇ ಇಲ್ಲ!’

ನಡೆಯೋರಿಗೆ ಶ್ರದ್ಧೆ ಕಮ್ಮಿ ಇಲ್ಲ. ತಪ್ಪಿರೋದು ಕ್ಯಾಲೆಂಡರ್ ಲೆಕ್ಕ.

ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. 70 ಕೆಜಿ ತೂಗುವವರು ಒಂದು ಗಂಟೆ ಚುರುಕಾಗಿ ನಡೆದರೆ ಕರಗೋದು ಹೆಚ್ಚುಕಮ್ಮಿ 250. ಅಂದರೆ ಒಂದು ದಿನವೂ ತಪ್ಪಿಸದೆ ಕೆರೆ ಸುತ್ತಿದರೂ, ಊಟ ಬದಲಾಗದಿದ್ದರೆ, ತಿಂಗಳಿಗೆ ಒಂದೇ ಕೆಜಿ. ವಾಕಿಂಗ್ ಮುಗಿಸಿ ಒಂದು ಮಸಾಲೆದೋಸೆ ತಿಂದರೆ ಅದೂ ಅಲ್ಲಿಗೆ ಚುಕ್ತಾ. ನಡಿಗೆಯ ಜೊತೆ ದಿನಕ್ಕೆ ಸುಮಾರು 200 ಗ್ರಾಂ ಅನ್ನವನ್ನೂ ಕಡಿಮೆ ಮಾಡಿದರೆ ಇನ್ನೊಂದು 250 ಉಳಿಯುತ್ತೆ. ಆಗ ತಿಂಗಳಿಗೆ ಎರಡು ಕೆಜಿ, ವಾರಕ್ಕೆ ಅರ್ಧ ಕೆಜಿ. ವೈದ್ಯರು ಸಾಮಾನ್ಯವಾಗಿ ಹೇಳುವ ಸುರಕ್ಷಿತ ವೇಗವೂ ಹೆಚ್ಚುಕಮ್ಮಿ ಇದೇ.

ಹಾಗಾದರೆ ಮೊದಲ ವಾರದಲ್ಲೇ ಎರಡು ಕೆಜಿ ಇಳಿದದ್ದು? ಅದರಲ್ಲಿ ಹೆಚ್ಚಿನದು ನೀರು. ಊಟ ಕಡಿಮೆಯಾದಾಗ ದೇಹ ಕೂಡಿಟ್ಟ ಗ್ಲೈಕೋಜನ್ ಖರ್ಚಾಗುತ್ತೆ, ಅದರ ಜೊತೆಗಿದ್ದ ನೀರೂ ಹೋಗುತ್ತೆ. ಆಮೇಲೆ ವೇಗ ತಗ್ಗುತ್ತೆ. ತೂಕ ಇಳಿದಂತೆ ದೇಹ ಕೇಳುವ ಕ್ಯಾಲೊರಿಯೂ ಇಳಿಯುತ್ತೆ. ‘30 ದಿನಕ್ಕೆ 10 ಕೆಜಿ’ ಜಾಹೀರಾತು ನಂಬಿದವರು ಕೆರೆಗೆ ಬರೋದನ್ನು ನಿಲ್ಲಿಸೋದು ಸರಿಯಾಗಿ ಇಲ್ಲೇ.

ಆದ್ದರಿಂದ ಎಂಟು ಕೆಜಿ ಅನ್ನೋದು ಕಾಗದದ ಮೇಲೆ ನಾಲ್ಕು ತಿಂಗಳು, ಬದುಕಿನಲ್ಲಿ ಆರು. ಮಧ್ಯೆ ಮದುವೆ ಊಟ ಇರುತ್ತೆ, ಜ್ವರ ಇರುತ್ತೆ, ಮಳೆಗೆ ದಾರಿ ಕೆಸರಾಗಿರುತ್ತೆ. ಯುಗಾದಿಗೆ ಶುರು ಮಾಡಿದರೆ ದಸರೆಗೆ ತಲುಪ್ತೀರಿ ಅಂದುಕೊಳ್ಳಿ. ಥೈರಾಯ್ಡ್, ಪಿಸಿಓಎಸ್, ಸಕ್ಕರೆ ಕಾಯಿಲೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ನಿಮ್ಮ ಲೆಕ್ಕ ಬೇರೆಯೇ ಇರಬಹುದು.

ಮುಳ್ಳು ಅಲ್ಲಾಡದಿದ್ದರೆ ಎಲ್ಲ ದಂಡ ಅಂತಲೂ ಅಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯ ಮೇಲೆ ಚೆನ್ನೈನ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸುಮ್ಮನಿದ್ದ ಗುಂಪಿನಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ನಡಿಗೆ, ಊಟ ಸರಿ ಮಾಡಿಕೊಂಡವರಲ್ಲಿ 39 ಮಂದಿಗೆ. ವಿಶೇಷ ಏನೆಂದರೆ, ಆ ಎರಡನೇ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ.

ದಿನಾ ತೂಕದ ಯಂತ್ರ ಹತ್ತಬೇಡಿ. ವಾರಕ್ಕೊಮ್ಮೆ, ಅದೇ ದಿನ, ಬೆಳಗ್ಗೆ ತಿಂಡಿಗೆ ಮುಂಚೆ ನೋಡಿ. ನಾಲ್ಕು ವಾರದ ಸರಾಸರಿ ತೆಗೆಯಿರಿ. ಸೊಂಟದ ಅಳತೆಯನ್ನೂ ಬರೆದಿಡಿ. ತಂಗಿ ಮದುವೆಗೆ ಎಂಟರ ಬದಲು ನಾಲ್ಕೇ ಕೆಜಿ ಇಳಿದಿದ್ದರೆ ಬೇಜಾರಾಗಬೇಡಿ, ಅರ್ಧ ದಾರಿ ಮುಗಿದಿದೆ. ಹೋಳಿಗೆ ಒಂದು ತಿಂದು, ಮರುದಿನ ಬೆಳಗ್ಗೆ ಕೆರೆ ಹತ್ತಿರ ಬನ್ನಿ.