ಮಗನ ಸೈಕಲಿಗೊಂದು ಉಕ್ಕಿನ ಫ್ರೇಮ್

ಹೆಣ್ಣು ನೋಡುವುದು, ಮನೆ ಕಟ್ಟುವುದು, ಮಕ್ಕಳಿಗೆ ಶಾಲೆ ಆರಿಸುವುದು, ಇವುಗಳ ಬಗ್ಗೆ ನಮ್ಮಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ. ಆದರೆ ಬೆಳೆದ ಮಗನಿಗೆ ಗುಡ್ಡ ಹತ್ತುವ ಸೈಕಲಿನ ಫ್ರೇಮ್ ಆರಿಸುವುದು ಹೇಗೆಂದು ಯಾವ ತಾಯಿಯನ್ನು ಕೇಳುವುದು? ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಕಲಿಸುವ ನನಗೂ ಸೈಕಲಿಗೂ ಏನು ಸಂಬಂಧ ಎಂದು ನೀವು ನಗಬಹುದು. ನಕ್ಕವರು ನಮ್ಮ ಮನೆಯಲ್ಲೂ ಇದ್ದರು.

ಸಂಬಂಧ ಬಂದದ್ದು ಹೀಗೆ. 2022ರ ಮಳೆಗಾಲದ ಕೊನೆಯಲ್ಲಿ ಮಗ ಕಾಫಿ ತೋಟದ ಇಳಿಜಾರಿನಲ್ಲಿ ಬಿದ್ದು ಕುತ್ತಿಗೆ ಬುಡದ ಎಲುಬು ಮುರಿದುಕೊಂಡ. ಅವನದು ಮುಂದೆ ಸ್ಪ್ರಿಂಗ್ ಇರುವ ಅಲ್ಯೂಮಿನಿಯಂ ಸೈಕಲು. ಹ್ಯಾಂಡಲಿನ ಕೆಳಗಿನ ಬೆಸುಗೆಯ ಪಕ್ಕದಲ್ಲಿ ಪೈಪು ಸೌತೆಕಾಯಿ ಮುರಿದಂತೆ ಮುರಿದಿತ್ತು. ಸ್ಪ್ರಿಂಗ್ ಎರಡು ಮಳೆಗಾಲ ಕಂಡು ತುಕ್ಕು ಹಿಡಿದು, ಅದಕ್ಕೂ ಮೊದಲೇ ಕೆಲಸ ನಿಲ್ಲಿಸಿತ್ತು. ಅವನ ಬಾಪ 2019ರಲ್ಲಿ ನಮ್ಮನ್ನು ಅಗಲಿದ ಮೇಲೆ ಮಾತು ಕಡಿಮೆ ಮಾಡಿದ್ದ ಹುಡುಗ ಮತ್ತೆ ನಗಲು ಕಲಿತದ್ದೇ ಆ ಗುಡ್ಡದ ಹಾದಿಗಳಲ್ಲಿ. ಎಲುಬು ಕೂಡಿಕೊಂಡಿತು. ಆದರೆ ಸೈಕಲಿಲ್ಲದ ಮಗ ಮತ್ತೆ ಕೋಣೆಯ ಬಾಗಿಲು ಹಾಕಿಕೊಂಡ. ಇರುವವನೊಬ್ಬನೇ ಮಗ. ಹೋಗಬೇಡ ಎನ್ನಲೂ ಆಗದು, ಹೋಗು ಎನ್ನಲೂ ಧೈರ್ಯವಿಲ್ಲ.

ಕೊನೆಗೆ ನಾನೊಂದು ಷರತ್ತು ಹಾಕಿದೆ. ಸೈಕಲು ಮಾಡಿಸು, ಆದರೆ ಯಾವುದನ್ನು ಯಾಕೆ ಆರಿಸುತ್ತೀ ಎಂದು ನನಗೆ ಅರ್ಥವಾಗುವಂತೆ ಹೇಳು. ಅರ್ಥವಾಗದಿದ್ದರೆ ದುಡ್ಡಿಲ್ಲ. ಅವನಿಗೆ ಬೇಕಾಗಿದ್ದುದು ಉಕ್ಕಿನ ಫ್ರೇಮ್. ಮುಂದೆಯೂ ಸ್ಪ್ರಿಂಗ್ ಇಲ್ಲ, ಹಿಂದೆಯೂ ಇಲ್ಲ. ಇಂತಹದ್ದನ್ನು ರಿಜಿಡ್ ಎನ್ನುತ್ತಾರಂತೆ. ಫ್ರೇಮಿಗೆ ಕೇಳಿದ ಬೆಲೆಗೆ ಹಳೆಯದೊಂದು ಸ್ಕೂಟರೇ ಬರುತ್ತಿತ್ತು. 'ಹಾಗಾದರೆ ನಿನ್ನ ಬಾಪನ ಹರ್ಕ್ಯುಲಿಸ್‌ಗೆ ಏನಾಗಿದೆ? ಅದೂ ಉಕ್ಕೇ' ಎಂದು ನನ್ನ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುತ್ತಾ ನಾನು ಓದಿದ್ದು ಸ್ವಲ್ಪವೇನಲ್ಲ. ಹರ್ಕ್ಯುಲಿಸ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. 1949ರಲ್ಲಿ ಮದರಾಸಿನ ಮುರುಗಪ್ಪ ಮನೆತನದವರು ಅಲ್ಲಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಅದನ್ನು ನಮ್ಮ ದೇಶದಲ್ಲೇ ಮಾಡಲು ಕಂಪೆನಿ ತೆರೆದರು. ಅದೇ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕೈಯಲ್ಲಿದ್ದ ಇನ್ನೊಂದು ಹೆಸರು ರೆನಾಲ್ಡ್ಸ್. 1935ರಲ್ಲಿ ಅವರು 531 ಎಂಬ ಉಕ್ಕಿನ ಪೈಪು ತಂದರು. ರೇಸಿನ ಸೈಕಲುಗಳಲ್ಲಿ ಅದು ದಶಕಗಳ ಕಾಲ ಮೆರೆಯಿತು. ಆ ಪೈಪಿನ ಗುಟ್ಟು ಸರಳ. ಬೆಸುಗೆ ಬೀಳುವ ಎರಡು ತುದಿ ದಪ್ಪ, ನಡುವೆ ತೆಳು. ಲಟ್ಟಣಿಗೆಯ ತಿರುಗುಮುರುಗು ಎನ್ನಿ. ಬಾಪನ ಸೈಕಲಿನ ಪೈಪು ಸಾದಾ ಉಕ್ಕು, ಉದ್ದಕ್ಕೂ ಒಂದೇ ದಪ್ಪ. ಅಕ್ಕಿ ಮೂಟೆ ಹೊರಲು ಅದು ಸರಿ. ಬ್ರೇಕು, ಟಯರಿನ ಜಾಗ, ಕೂರುವ ಭಂಗಿ ಯಾವುದೂ ಕಲ್ಲಿನ ಇಳಿಜಾರಿಗಾಗಿ ಮಾಡಿದ್ದಲ್ಲ.

ಹಾಗೆ ನೋಡಿದರೆ ಗುಡ್ಡದ ಸೈಕಲಿನ ಕಥೆಯೇ ಇಂತಹ ಮುದಿ ಸೈಕಲುಗಳಿಂದ ಆರಂಭವಾದದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಮಲ್ಪಾಯಸ್ ಬೆಟ್ಟದ ಸುತ್ತಲಿನ ಹುಡುಗರು 1930ರ ಕಾಲದ ಭಾರದ ಶ್ವಿನ್ ಸೈಕಲುಗಳನ್ನು ಹುಡುಕಿ ತಂದು ಮಣ್ಣಿನ ಹಾದಿಯಲ್ಲಿ ಇಳಿಸುತ್ತಿದ್ದರು. 1977ರಲ್ಲಿ ಅವರಲ್ಲೊಬ್ಬನಾದ ಜೋ ಬ್ರೀಝ್ ಇದಕ್ಕೆಂದೇ ಕ್ರೋಮೋಲಿ ಉಕ್ಕಿನ ಫ್ರೇಮ್ ಕಟ್ಟಿದ. ಕ್ರೋಮೋಲಿ ಎಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು. 4130 ಎಂಬ ಅಂಕಿಯಿಂದ ಕರೆಯುತ್ತಾರೆ. ಅವೆಲ್ಲವೂ ಸ್ಪ್ರಿಂಗಿಲ್ಲದವೇ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅರಬಿಯಲ್ಲಿ ಕಬ್ಬಿಣಕ್ಕೆ ಹದೀದ್, ಉರ್ದುವಿನಲ್ಲಿ ಉಕ್ಕಿಗೆ ಫೌಲಾದ್ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಆದರೆ ದಕ್ಷಿಣ ಭಾರತದ ಹೆಸರುವಾಸಿ ಉಕ್ಕಿಗೆ ಯುರೋಪಿನವರು ಇಟ್ಟ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಉಕ್ಕು ಅರಬ್ ನಾಡುಗಳಿಗೂ ಹೋಗಿ ಕತ್ತಿಯಾಗುತ್ತಿತ್ತು. ಇದನ್ನು ಕೇಳಿದ ಮೇಲೆ ಅತ್ತೆಯ ವಿರೋಧ ಅರ್ಧಕ್ಕಿಳಿಯಿತು.

ನನ್ನ ವಿರೋಧ ಇಳಿಯಲು ಬೇರೆಯೇ ಸಂಗತಿಗಳು ಬೇಕಿದ್ದವು. ಮುರಿಯುವುದಿಲ್ಲವೇ ಎಂದು ಕೇಳಿದೆ. ಮುರಿಯದ ಲೋಹವಿಲ್ಲ. ಆದರೆ ಒಂದು ಮಿತಿಗಿಂತ ಕಡಿಮೆ ಒತ್ತಡ ಎಷ್ಟು ಸಲ ಬಿದ್ದರೂ ಉಕ್ಕು ದಣಿಯುವುದಿಲ್ಲ; ಅಲ್ಯೂಮಿನಿಯಂಗೆ ಅಂತಹ ಮಿತಿ ಇಲ್ಲ, ಸಣ್ಣ ಪೆಟ್ಟುಗಳೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ. ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ಸೈಕಲೂ ಬಹುಕಾಲ ಬರುತ್ತದೆ, ಕೆಟ್ಟದಾಗಿ ಬೆಸೆದ ಉಕ್ಕೂ ಬೇಗ ಬಿಡುತ್ತದೆ ಎಂಬುದೂ ನಿಜ. ಆದರೂ ಉಕ್ಕಿನಲ್ಲಿ ಬಿರುಕು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಕಿರುಗುಟ್ಟಿ ಸುಳಿವು ಕೊಡುತ್ತದೆ. ಒಬ್ಬ ತಾಯಿಗೆ ಬೇಕಾದದ್ದು ಆ ಸುಳಿವು.

'ಸ್ಟೀಲ್ ಸೈಕಲು ಮೆತ್ತಗಿರುತ್ತದೆ' ಎಂಬ ಹೊಗಳಿಕೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಗಟ್ಟಿಯಾಗಿ ಬೆಸೆದ ತ್ರಿಕೋನ ಎಷ್ಟು ಬಾಗೀತು? ಸ್ಪ್ರಿಂಗಿಲ್ಲದ ಸೈಕಲಿನಲ್ಲಿ ಮೈಯನ್ನು ಕಾಯುವುದು ಟಯರು. ಹಾಗಾಗಿ ಫ್ರೇಮಿನಲ್ಲಿ ಮೊದಲು ನೋಡಬೇಕಾದದ್ದು ಎರಡೂವರೆ ಇಂಚಿನ ಟಯರು ಕೆಸರು ಮೆತ್ತಿಕೊಂಡರೂ ತಿರುಗುವಷ್ಟು ಜಾಗವಿದೆಯೇ ಎಂದು. ಅಗಲದ ಟಯರಿಗೆ ಕಡಿಮೆ ಗಾಳಿ ಹಾಕಿದರೆ ಸಿಗುವ ಸುಖ ದುಬಾರಿ ಪೈಪಿನಿಂದ ಸಿಗದು.

ಮಗನ ಮುಂದೆ ಎರಡು ಫ್ರೇಮುಗಳಿದ್ದವು. ಒಂದು ರೆನಾಲ್ಡ್ಸ್ 853 ಪೈಪಿನದು, 1995ರಲ್ಲಿ ಬಂದ ಉಕ್ಕು, ಬೆಸುಗೆ ಆರುವಾಗ ಇನ್ನಷ್ಟು ಗಟ್ಟಿಯಾಗುವಂಥದ್ದು. ಇನ್ನೊಂದು ಅಮೆರಿಕದ ಸರ್ಲಿ ಕಂಪೆನಿಯ 4130 ಉಕ್ಕಿನದು. ಹೆಸರು ಕರಾಟೆ ಮಂಕಿ. ಹೆಸರು ಕೇಳಿ ಅತ್ತೆ ಒಂದು ವಾರ ನಕ್ಕರು. ಹುಡುಗನ ಮನಸ್ಸು 853ರ ಕಡೆ. ಆದರೆ ಯಾವ ಉಕ್ಕೇ ಆಗಲಿ, ಬಿಗಿತದಲ್ಲಿ ಹೆಚ್ಚು ಕಡಿಮೆ ಒಂದೇ. ದುಬಾರಿ ಉಕ್ಕು ಹೆಚ್ಚು ಬಲದ್ದು, ಆದ್ದರಿಂದ ಪೈಪನ್ನು ಇನ್ನೂ ತೆಳುವಾಗಿಸಿ ನೂರಿನ್ನೂರು ಗ್ರಾಂ ಉಳಿಸಬಹುದು. ತೆಳುವಾದದ್ದು ಕಲ್ಲಿಗೆ ಬಡಿದರೆ ಬೇಗ ತಗ್ಗಾಗುತ್ತದೆ. ನಮ್ಮ ತೋಟದ ಹಾದಿಯಲ್ಲಿ ಕಲ್ಲಿಗೆ ಬರವೇ?

ತೂಕದ ಲೆಕ್ಕವನ್ನೂ ಹಾಕಿದೆವು. ಇಂತಹ ಉಕ್ಕಿನ ಫ್ರೇಮ್ ಎರಡೂವರೆಯಿಂದ ಮೂರು ಕಿಲೋ, ಅಲ್ಯೂಮಿನಿಯಂಗಿಂತ ಒಂದು ಕಿಲೋದಷ್ಟು ಹೆಚ್ಚು. ಆದರೆ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಸ್ಪ್ರಿಂಗಿನದಾದರೆ ಎರಡು ಕಿಲೋ, ಅಗ್ಗದ್ದಾದರೆ ಇನ್ನೂ ಹೆಚ್ಚು. ಉಕ್ಕಿನ ನೇರ ಫೋರ್ಕ್ ಒಂದೂಕಾಲು ಕಿಲೋ ಆಸುಪಾಸು. ಹೋದದ್ದರಲ್ಲಿ ಬಹುಪಾಲು ವಾಪಸು ಬಂತು. ತುಕ್ಕು ಹಿಡಿದು ನಿಲ್ಲುವ ಸ್ಪ್ರಿಂಗಿನ ಚಿಂತೆಯೂ ಹೋಯಿತು.

ಈಗಿನ ಫ್ರೇಮುಗಳು ಹಳೆಯವಕ್ಕಿಂತ ಬೇರೆಯಾಗುವುದು ಅಳತೆಯಲ್ಲಿ. ಹೊಲಿಗೆ ಗೊತ್ತಿರುವ ಸಹೋದರಿಯರಿಗೆ ಇದು ತಕ್ಷಣ ತಿಳಿಯುತ್ತದೆ. ಮುಂದಿನ ಭಾಗ ಉದ್ದ, ಹ್ಯಾಂಡಲಿನ ಕೊಂಡಿ ಗಿಡ್ಡ, ಮುಂದಿನ ಚಕ್ರ ಇನ್ನೂ ಮುಂದಕ್ಕೆ ಚಾಚಿದ್ದು. ಇಳಿಯುವಾಗ ಸವಾರ ಹ್ಯಾಂಡಲಿನ ಮೇಲಿಂದ ಮಗುಚಿ ಬೀಳುವ ಭಯ ಕಡಿಮೆ. ಇನ್ನೊಂದು ಎಚ್ಚರಿಕೆ: ಈಗಿನ ಹೆಚ್ಚಿನ ಫ್ರೇಮುಗಳನ್ನು ಸ್ಪ್ರಿಂಗ್ ಫೋರ್ಕಿನ ಎತ್ತರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅದಕ್ಕೆ ಹಳೆಯ ಗಿಡ್ಡ ಫೋರ್ಕ್ ಸಿಕ್ಕಿಸಿದರೆ ಮುಂಭಾಗ ಕುಸಿದು, ಎರಡು ಸೆಂಟಿಮೀಟರ್ ಕಡಿಮೆಯಾದರೂ ಹ್ಯಾಂಡಲಿನ ಕೋನ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ. ಪೆಡಲು ನೆಲಕ್ಕೆ ಹತ್ತಿರವಾಗುತ್ತದೆ. ಬೇರೆಯವರ ಅಳತೆಯ ಕುಪ್ಪಸದ ತೋಳು ತಂದು ಹೊಲಿದಂತೆ. ಫ್ರೇಮಿನ ಜೊತೆಗೇ ಅದಕ್ಕೊಪ್ಪುವ ಫೋರ್ಕ್ ಬರುವುದು ಮಂಕಿಯ ಪರವಾಗಿ ಬಿದ್ದ ಮೊದಲ ಮತ.

ಎರಡನೆಯದು ನನ್ನ ಮತ. ಹಿಂದಿನ ಚಕ್ರ ಕೂರುವ ಜಾಗ ಈ ದಶಕಗಳಲ್ಲಿ 135, 142, 148 ಮಿಲಿಮೀಟರ್ ಎಂದು ಬದಲಾಗುತ್ತಲೇ ಬಂದಿದೆ. ಮಂಕಿಯ ಜಾಗ 145. ಉಕ್ಕು ಆ ಮೂರು ಮಿಲಿಮೀಟರ್ ಆಚೀಚೆ ಬಾಗಿ 142ರ ಚಕ್ರವನ್ನೂ 148ರ ಚಕ್ರವನ್ನೂ ಹಿಡಿದುಕೊಳ್ಳುತ್ತದೆ. ಪೆಡಲಿನ ಬೇರಿಂಗ್ ಕೂರುವ ಕಡೆ ಒತ್ತಿ ಕೂರಿಸುವ ವ್ಯವಸ್ಥೆಯಲ್ಲ, ತಿರುಪಿನದು. ಯಾವ ಊರಿನಲ್ಲೂ ಬದಲಿಸಬಹುದು. ನಾಳೆ ಬಿಡಿಭಾಗ ಸಿಗದೆ ಮೂಲೆ ಸೇರುವ ವಸ್ತುವಿಗೆ ದುಡ್ಡು ಹಾಕಲು ನಾನು ಸಿದ್ಧಳಿರಲಿಲ್ಲ.

ಕೆಟ್ಟರೆ ರಿಪೇರಿಯಾದೀತೇ ಎಂದು ಗೇಟು, ಕಿಟಕಿ ಮಾಡುವ ನಮ್ಮ ಊರಿನ ವೆಲ್ಡರನ್ನೂ ಕೇಳಿದೆ. ಪೈಪಿನ ನಡುಭಾಗದ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ ಎಂದು ತಿಳಿದಾಗ ಅವರು ಕೈಮುಗಿದರು. 'ನನ್ನ ರಾಡ್ ಇಟ್ಟರೆ ತೂತೇ ಬೀಳುತ್ತದೆ ಟೀಚರ್, ಇದಕ್ಕೆ ಟಿಗ್ ವೆಲ್ಡಿಂಗ್ ಬೇಕು, ಪಟ್ಟಣಕ್ಕೆ ಕಳಿಸಿ' ಎಂದರು. ಆಗದು ಎಂದು ಹೇಳುವ ಕೆಲಸಗಾರನ ಮೇಲೆ ನನಗೆ ಗೌರವ.

ಫ್ರೇಮ್ ಬಂತು. ಮಗನೇ ಅಂಗಳದಲ್ಲಿ ಕೂತು ಜೋಡಿಸಿದ. ನಮ್ಮದು ಮಲೆನಾಡು, ಉಕ್ಕಿನ ಶತ್ರು ಇರುವುದೇ ಇಲ್ಲಿ. ನೀರು ಸೀಟಿನ ಕಂಬದ ಸಂದಿಯಿಂದ ಇಳಿದು ಒಳಗಿನಿಂದ ತಿನ್ನುತ್ತದೆ. ಜೋಡಿಸುವ ಮೊದಲು ಪೈಪುಗಳ ಒಳಗೆ ಅಗಸೆ ಎಣ್ಣೆ ಸುರಿದು, ತಿರುಗಿಸಿ, ಎರಡು ದಿನ ಒಣಗಿಸಿದೆವು. ಮಳೆಯಲ್ಲಿ ಹೋಗಿ ಬಂದ ದಿನ ಸೀಟಿನ ಕಂಬ ತೆಗೆದು ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಬೇಕೆಂಬುದು ಮನೆಯ ಕಾನೂನು.

ಗುರುವಾರ ಸಂಜೆ ಬೆಸುಗೆ ನೋಡುವ ಕೆಲಸ ನನ್ನದು. ಹಳೆಯ ಮಲ್ ಬಟ್ಟೆಯಿಂದ ಪ್ರತಿಯೊಂದು ಸಂದಿಯನ್ನೂ ಒರೆಸುತ್ತೇನೆ; ಬಿರುಕಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ. ಇಷ್ಟರವರೆಗೆ ಸಿಕ್ಕಿಲ್ಲ, ಅಲ್‌ಹಮ್ದುಲಿಲ್ಲಾಹ್. ಕಳೆದ ವಾರ ಕೆಳಗಿನ ಪೈಪಿನಲ್ಲಿ ಕಲ್ಲು ಸಿಡಿದು ಅಕ್ಕಿಕಾಳಿನಷ್ಟು ಬಣ್ಣ ಹೋಗಿತ್ತು. ಗಾಳಿ ತಾಗದಂತೆ ಮುಚ್ಚಲು ಉಗುರುಬಣ್ಣ ಸಾಕಂತೆ. ವುಝೂಗೆ ಅಡ್ಡಿಯೆಂದು ನಾನು ಇಟ್ಟುಕೊಳ್ಳದ ಆ ವಸ್ತುವನ್ನು ನಾದಿನಿಯ ಮಗಳಿಂದ ಬೇಡಿ ತಂದೆ. ಹಸಿರು ಸೈಕಲಿನ ಮೇಲೆ ಒಂದು ಗುಲಾಬಿ ಚುಕ್ಕೆ ಬಂತು. ಮಗ ನೋಡಿದ, ಏನೂ ಹೇಳಲಿಲ್ಲ, ಹೆಲ್ಮೆಟ್ ಹಾಕಿಕೊಂಡು ಹೊರಟ.