ತಕ್ಕಡಿಯೂ ಹಾಜರಿ ಪುಸ್ತಕವೂ

ಕಾರ್ಯವನ್ನು ಆರಂಭಿಸುವುದು ಉತ್ಸಾಹದ ಕೆಲಸ. ಅದನ್ನು ನಡೆಸಿಕೊಂಡು ಹೋಗುವುದು ಸ್ವಭಾವದ ಕೆಲಸ. ಮೊದಲನೆಯದಕ್ಕೆ ಒಂದು ಶುಭದಿನ ಸಾಕು. ಎರಡನೆಯದಕ್ಕೆ ವರ್ಷದ ಎಲ್ಲ ದಿನಗಳೂ ಬೇಕು. ಈ ಮಾತಿನ ಸತ್ಯವನ್ನು ಕಾಣಬೇಕೆನ್ನುವವರು ಮಹಾಸಾಹಸಗಳ ಕಥೆಯನ್ನು ಅರಸಿಕೊಂಡು ಹೋಗಬೇಕಾಗಿಲ್ಲ. ಮೈತೂಕವನ್ನು ಇಳಿಸುವೆನೆಂದು ಸಂಕಲ್ಪ ಮಾಡಿದ ಗೃಹಸ್ಥನೊಬ್ಬನ ಎರಡು ತಿಂಗಳ ದಿನಚರಿಯನ್ನು ನೋಡಿದರೆ ಸಾಕು. ಮೊದಲ ವಾರದಲ್ಲಿ ಆತನು ಭಗೀರಥ. ಮೂರನೆಯ ವಾರದಲ್ಲಿ ತ್ರಿಶಂಕು. ಆರನೆಯ ವಾರದ ಹೊತ್ತಿಗೆ ಕುಂಭಕರ್ಣ. ಆರಂಭಶೂರತ್ವವೆಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯುವುದು ದುರ್ಲಭ.

ಉತ್ತರ ಕರ್ನಾಟಕದ ಒಂದು ಊರಿನ ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸುವ ಮಾಸ್ತರರೊಬ್ಬರ ಸಂಗತಿಯು ಈ ವಿಷಯದಲ್ಲಿ ಮನನೀಯವಾಗಿದೆ. ಅವರಿಗೆ ಆಗ ಐವತ್ತೆರಡು ವರ್ಷ. ಎತ್ತರ 168 ಸೆಂಟಿಮೀಟರು, ತೂಕ 94 ಕಿಲೋ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದು ವೈದ್ಯರು ಎಚ್ಚರಿಸಿದ್ದರು. ಮೊಣಕಾಲುಗಳು ಅದಕ್ಕಿಂತ ಮೊದಲೇ ಎಚ್ಚರಿಸಿದ್ದವು. ಆದರೆ ಅವರ ಮನಸ್ಸಿಗೆ ನಾಟಿದ್ದು ಇವೆರಡೂ ಅಲ್ಲ. ಬಾಲ್ಯದಲ್ಲಿ ಲಿಂಗದೀಕ್ಷೆಯಾದ ದಿನದಿಂದ ಅವರು ಪ್ರಾತಃಕಾಲದಲ್ಲಿ ನೆಲದ ಮೇಲೆ ಕಂಬಳಿಯನ್ನು ಹಾಸಿ, ಪದ್ಮಾಸನದಲ್ಲಿ ಕುಳಿತು ಇಷ್ಟಲಿಂಗಪೂಜೆಯನ್ನು ನೆರವೇರಿಸುತ್ತ ಬಂದಿದ್ದರು. ಒಂದು ದಿನ ಪೂಜೆ ಮುಗಿದ ಮೇಲೆ ಏಳಲಾಗದೆ ಮಗನನ್ನು ಕೂಗಿ ಕರೆಯಬೇಕಾಯಿತು. ಮರುದಿನದಿಂದ ಪೂಜೆಯ ಕೋಣೆಗೆ ಒಂದು ಕುರ್ಚಿ ಬಂದಿತು. ಕುರ್ಚಿಯ ಮೇಲಿನ ಪೂಜೆಯು ಪೂಜೆಯಲ್ಲವೆಂದು ಯಾರೂ ಹೇಳಲಿಲ್ಲ, ಹೇಳಬೇಕಾದುದೂ ಇಲ್ಲ. ಆದರೂ ತಾವು ನೆಲವನ್ನು ಬಿಟ್ಟು ಮೇಲೆ ಕುಳಿತೆವೆಂಬ ಒಂದು ಕೊರಗು ಅವರ ಅಂತರಂಗದಲ್ಲಿ ಉಳಿದುಹೋಯಿತು.

ಗಣಿತದವರಾದ್ದರಿಂದ ಅವರು ಮೊದಲು ಲೆಕ್ಕ ಹಾಕಿದರು. ದೇಹತೂಕದ ಸೂಚ್ಯಂಕವು ಭಾರತೀಯರಲ್ಲಿ 23ಕ್ಕಿಂತ ಕೆಳಗಿರಬೇಕೆಂಬುದು ತಜ್ಞರ ಮತ. ಆ ಪ್ರಕಾರ ಅವರ ತೂಕವು ಸುಮಾರು 65 ಕಿಲೋ ಇರಬೇಕು. ಎಂದರೆ 29 ಕಿಲೋ ಇಳಿಯಬೇಕು. ಆಷಾಢದ ಮೊದಲ ಸೋಮವಾರ ಸಂಕಲ್ಪವಾಯಿತು. ಅನ್ನ ವರ್ಜ್ಯ, ಸಕ್ಕರೆ ವರ್ಜ್ಯ, ರಾತ್ರಿಯ ಊಟ ವರ್ಜ್ಯ; ನಸುಕಿನಲ್ಲಿ ಎಂಟು ಕಿಲೋಮೀಟರು ನಡಿಗೆ. ತಿಂಗಳು ತುಂಬುವುದರೊಳಗೆ ನಾಲ್ಕು ಕಿಲೋ ಇಳಿಯಿತು. ಅಧ್ಯಾಪಕರ ಕೊಠಡಿಯಲ್ಲಿ ಪ್ರಶಂಸೆಯೋ ಪ್ರಶಂಸೆ.

ಅಷ್ಟರಲ್ಲಿ ನಾಗರಪಂಚಮಿ ಬಂದಿತು. ಕೊಟ್ಟ ಮನೆಯಿಂದ ತಂಗಿಯು ತವರಿಗೆ ಬಂದಳು. ಅಣ್ಣನಿಗೆ ಪ್ರಿಯವೆಂದು ತನ್ನ ಕೈಯಾರೆ ಕಟ್ಟಿದ ಶೇಂಗಾ ಉಂಡಿಗಳ ಡಬ್ಬಿಯನ್ನು ಮುಂದಿಟ್ಟಳು. ಒಡಹುಟ್ಟಿದವಳ ಮುಖವನ್ನು ನೋಡಿ ಒಲ್ಲೆನೆನ್ನಲಾಗದೆ ಮಾಸ್ತರರು ಒಂದು ಉಂಡಿಯನ್ನು ತಿಂದರು. ಆ ಒಂದು ಉಂಡಿಯಿಂದ ಕೆಟ್ಟದ್ದೇನೂ ಇರಲಿಲ್ಲ. ಕೆಟ್ಟದ್ದು ಅನಂತರ ಅವರು ಮಾಡಿದ ತರ್ಕದಿಂದ. ವ್ರತವು ಭಂಗವಾಯಿತು, ಒಡೆದ ಗಡಿಗೆಯಲ್ಲಿ ಅರ್ಧ ನೀರು ನಿಲ್ಲುವುದುಂಟೆ? ಸಂಜೆಯೊಳಗೆ ಮತ್ತೆ ಆರು ಉಂಡಿಗಳು ಹೋದವು. ಮರುದಿನ ನಡಿಗೆ ತಪ್ಪಿತು. ಅದರ ಮರುದಿನ ಎದುರಾದವರು ಕೇಳಿಯಾರೆಂಬ ಲಜ್ಜೆಯಿಂದ ತಪ್ಪಿತು. ದಸರೆಯ ಹೊತ್ತಿಗೆ ತೂಕ 96. ಸಂಕ್ರಾಂತಿಯ ಮರುದಿನ ಎರಡನೆಯ ಸಂಕಲ್ಪ, ಬಸವಜಯಂತಿಯ ಮರುದಿನ ಮೂರನೆಯದು. ಕಥೆ ಮಾತ್ರ ಒಂದೇ. ಕೊನೆಗೆ, ತಮ್ಮಲ್ಲಿ ಛಲವೇ ಇಲ್ಲವೆಂದು ಅವರು ತೀರ್ಮಾನಿಸಿ ತೂಕದ ಯಂತ್ರವನ್ನು ಅಟ್ಟದ ಮೇಲಿರಿಸಿದರು.

ಈ ತೀರ್ಮಾನವು ಶಾಸ್ತ್ರಕ್ಕೂ ಸಮ್ಮತವಲ್ಲ, ವಿಜ್ಞಾನಕ್ಕೂ ಸಮ್ಮತವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲನಿಗೆ ಒದಗುವ ಎಂಟು ಬಾಧೆಗಳನ್ನು ಹೇಳುತ್ತದೆ. ಅತಿಯಾದ ಹಸಿವೂ ಅತಿಯಾದ ಬಾಯಾರಿಕೆಯೂ ಆ ಎಂಟರಲ್ಲಿ ಸೇರಿವೆ. ಮೇದಸ್ಸಿನಿಂದ ಮಾರ್ಗವು ಕಟ್ಟಿಹೋದ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಜಠರಾಗ್ನಿಯನ್ನು ಕೆರಳಿಸುವುದರಿಂದ, ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಆಹಾರವನ್ನು ಬೇಡುತ್ತದೆಯೆಂಬುದು ಅಲ್ಲಿಯ ವಿವರಣೆ. ಅಂದರೆ ಸ್ಥೂಲನ ಹಸಿವನ್ನು ಪ್ರಾಚೀನರು ನಡತೆಯ ದೋಷವೆಂದು ಜರೆಯದೆ, ವ್ಯಾಧಿಯ ಲಕ್ಷಣವೆಂದು ಎಣಿಸಿದರು. ಆಧುನಿಕರ ಪರಿಭಾಷೆ ಬೇರೆ, ಇಂಗಿತ ದೂರವಿಲ್ಲ. ಕೊಬ್ಬಿನ ಕಣಗಳಿಂದ ಹೊರಟು, ದೇಹದಲ್ಲಿ ಸಂಗ್ರಹವೆಷ್ಟಿದೆಯೆಂಬ ವಾರ್ತೆಯನ್ನು ಮೆದುಳಿಗೆ ಒಯ್ಯುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಬೆಳಕಿಗೆ ಬಂದಿತು. ತೂಕವು ಇಳಿದಾಗ ಇದೂ ಇಳಿಯುತ್ತದೆ. ಮೆದುಳು ಅದನ್ನು ಕ್ಷಾಮವೆಂದು ಬಗೆದು ಹಸಿವನ್ನು ಹೆಚ್ಚಿಸುತ್ತದೆ. ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕವಿಳಿಸಿದವರಲ್ಲಿ, ಒಂದು ವರ್ಷವು ಕಳೆದ ಮೇಲೆಯೂ ಹಸಿವಿನ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಮರಳಿರಲಿಲ್ಲವೆಂದು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಮಾಸ್ತರರು ಸೋತದ್ದು ನಾಲಗೆಯ ಚಾಪಲ್ಯಕ್ಕಷ್ಟೇ ಅಲ್ಲ. ಕ್ಷಾಮಗಳನ್ನು ಕಂಡು ಎಚ್ಚರವನ್ನು ಕಲಿತ ಒಂದು ದೇಹಕ್ಕೆ. ಅಂತಹ ದೇಹವನ್ನು ಒಂದು ತಿಂಗಳ ಆವೇಶದಿಂದ ಗೆಲ್ಲಲಾಗದು. ದೀರ್ಘಕಾಲದ ಸಖ್ಯದಿಂದ ಒಲಿಸಿಕೊಳ್ಳಬೇಕು.

ಈ ಸಖ್ಯದ ಮಾರ್ಗವು ಮಾಸ್ತರರಿಗೆ ತೋರಿದ್ದು ತಮ್ಮದೇ ತರಗತಿಯಲ್ಲಿ. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಎರಡು ವಾರಗಳಿಂದ ಶಾಲೆಗೆ ಬಂದಿರಲಿಲ್ಲ. ಮಾಸ್ತರರೇ ಅವನ ಮನೆಗೆ ಹೋಗಿ ಕಾರಣವನ್ನು ಕೇಳಿದರು. ಹುಡುಗನು ತಲೆ ತಗ್ಗಿಸಿ ಹೇಳಿದನು: "ಒಂದ ದಿನ ತಪ್ಪಿತ್ರೀ ಸರ. ಮತ್ತ ಬರಾಕ ನಾಚಿಕಿ ಆತು."

"ತಪ್ಪಿದ ದಿನಕ್ಕ ಒಂದು ಗೈರು ಬೀಳತೈತಿ, ಅಷ್ಟ. ಅದಕ್ಕ ನಿನ್ನ ಹೆಸರು ಹೊಡದ ಹಾಕತೀವೇನು? ನಾಳೆ ಬಂದು ಹಾಜರಿ ಹೇಳು."

ಹುಡುಗನು ಮರುದಿನ ಬಂದನು. ಅವನ ಹೆಸರನ್ನು ಕೂಗಿ ಹಾಜರಿ ಹಾಕುವಾಗ ಮಾಸ್ತರರ ಕೈ ಕ್ಷಣಕಾಲ ತಡೆಯಿತು. ಪಂಚಮಿಯ ಮರುದಿನದಿಂದ ತಾವು ಮಾಡಿದ್ದಾದರೂ ಏನು? ಒಂದು ದಿನದ ಗೈರುಹಾಜರಿಗಾಗಿ ಪಟ್ಟಿಯಿಂದ ತಮ್ಮ ಹೆಸರನ್ನು ತಾವೇ ಹೊಡೆದುಹಾಕಿದ್ದರು.

ವ್ರತಕ್ಕೂ ಕಾಯಕಕ್ಕೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ವ್ರತಕ್ಕೆ ಆರಂಭವಿದೆ, ಉದ್ಯಾಪನೆಯಿದೆ. ನಡುವೆ ಒಂದು ಸಲ ತಪ್ಪಿದರೆ ಭಂಗವೂ ಇದೆ. ಕಾಯಕಕ್ಕೆ ಉದ್ಯಾಪನೆಯೂ ಇಲ್ಲ, ಭಂಗವೂ ಇಲ್ಲ. ನೇಕಾರನು ಜ್ವರದಿಂದ ಎರಡು ದಿನ ಮಗ್ಗಕ್ಕೆ ಇಳಿಯದಿದ್ದರೆ ಅವನ ನೇಯ್ಗೆಯು ನಿಂತಲ್ಲಿಯೇ ಕಾದಿರುತ್ತದೆ. ಮೂರನೆಯ ದಿನ ಅವನು ಅದೇ ಎಳೆಯಿಂದ ಮುಂದುವರಿಸುತ್ತಾನೆ. ಎರಡು ದಿನ ತಪ್ಪಿತೆಂದು ನೆಯ್ದ ಬಟ್ಟೆಯನ್ನು ಯಾವ ನೇಕಾರನೂ ಹರಿದುಹಾಕುವುದಿಲ್ಲ. ದೇಹವನ್ನು ಪ್ರಸಾದಕಾಯವೆಂದು ಭಾವಿಸುವವರಿಗೆ ಅದರ ಪಾಲನೆಯು ಪ್ರತಿದಿನದ ಕಾಯಕವಾಗಬಲ್ಲುದೇ ಹೊರತು, ಆಷಾಢದಲ್ಲಿ ಹಿಡಿದು ಶ್ರಾವಣದಲ್ಲಿ ಬಿಡುವ ವ್ರತವಾಗಲಾರದು.

ಮಾಸ್ತರರು ಒಂದು ನೋಟುಪುಸ್ತಕವನ್ನು ತಂದು ಗೆರೆಗಳನ್ನು ಎಳೆದರು. ನಡಿಗೆ, ಮಿತವಾದ ರಾತ್ರಿಯೂಟ, ಎರಡನೆಯ ಸಲ ಬಡಿಸಿಕೊಳ್ಳದಿರುವುದು ಎಂದು ಮೂರೇ ಅಂಕಣಗಳು. ಪ್ರತಿದಿನ ಪ್ರತಿಯೊಂದಕ್ಕೂ 'ಹಾ' ಅಥವಾ 'ಗೈ' ಎಂಬ ಒಂದಕ್ಷರ. ತೂಕ ನೋಡುವುದು ಭಾನುವಾರ ಮಾತ್ರ. ಸತತವಾಗಿ ಎರಡು ದಿನ ಗೈರಾದ ಹುಡುಗನ ಮನೆಗೆ ಹೇಳಿಕಳಿಸುವುದು ಅವರ ರೂಢಿ. ಅಂತೆಯೇ ಎರಡು ದಿನ ಸತತವಾಗಿ 'ಗೈ' ಬಿದ್ದರೆ ಕೇಳುವ ಅಧಿಕಾರವನ್ನು ಮನೆಯಾಕೆಗೆ ಕೊಟ್ಟರು. ಗುರಿಯನ್ನೂ ಬದಲಿಸಿದರು. 65ರ ಅಂಕೆಯನ್ನು ಅಳಿಸಿ, ವೈದ್ಯರು ಹೇಳಿದಂತೆ ಮೊದಲು ಐದು ಕಿಲೋ ಎಂದು ಬರೆದುಕೊಂಡರು.

ಯಾವುದನ್ನೂ ಒಮ್ಮೆಗೇ ಬಿಡಲಿಲ್ಲ. ದಿನಕ್ಕೆ ಐದು ಕಪ್ಪಿದ್ದ ಚಹಾ ನಾಲ್ಕಾಯಿತು; ಕೆಲವು ದಿನಗಳ ಮೇಲೆ ಮೂರಾಯಿತು; ಎರಡು ಚಮಚದ ಸಕ್ಕರೆ ಒಂದೂವರೆಯಾಗಿ, ಒಂದಾಗಿ, ಅರ್ಧಕ್ಕೆ ಬಂದಿತು. ಎಂಟು ಕಿಲೋಮೀಟರು ನಡಿಗೆಯ ಬದಲು ಕೆರೆಯ ಏರಿಯವರೆಗೆ ಹೋಗಿ ಬರುವ ಅರ್ಧ ತಾಸು. ಚರಕನು ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಉಪದೇಶಿಸಿದ ಕ್ರಮವೂ ಇದೇ ಆಗಿದೆ. ರೂಢಿಯಾದ ಅಹಿತವನ್ನು ಕಾಲುಭಾಗ ಕಾಲುಭಾಗವಾಗಿ ಬಿಡಬೇಕು, ಹಿತವನ್ನು ಅಷ್ಟಷ್ಟಾಗಿಯೇ ಹಿಡಿಯಬೇಕು. ಹೀಗೆ ಕ್ರಮವಾಗಿ ಕಳೆದ ದೋಷವು ಮರಳಿ ಬಾರದು, ಕ್ರಮವಾಗಿ ಗಳಿಸಿದ ಗುಣವು ಅಲುಗಾಡದು ಎಂಬುದು ಅದರ ತಾತ್ಪರ್ಯ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದಕ್ಕೆ ಪೂರಕವಾಗಿದೆ. ಹೊಸ ಅಭ್ಯಾಸವೊಂದು ಬೇರೂರಲು ಅದರಲ್ಲಿ ಭಾಗಿಗಳಾದವರಿಗೆ ಸರಾಸರಿ 66 ದಿನಗಳು ಬೇಕಾದವು. ಕೆಲವರಿಗೆ 18 ಸಾಕಾದರೆ, ಕೆಲವರಿಗೆ 254 ದಿನಗಳು ಬೇಕಾಗುವಂತೆ ತೋರಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ.

ಕಠಿಣವಾದ ಪರೀಕ್ಷೆ ದಾಸೋಹದ ಪಂಕ್ತಿಯಲ್ಲಿತ್ತು. ಎಲೆಗೆ ಬಂದ ಪ್ರಸಾದವನ್ನು ಬಿಡಬಾರದೆಂಬ ಸಂಸ್ಕಾರವು ಮಾಸ್ತರರಿಗೆ ರಕ್ತಗತವಾಗಿದ್ದಿತು. ಬಡಿಸುವ ಅಜ್ಜಿಗೆ ಮಾಸ್ತರರ ಮೇಲೆ ವಾತ್ಸಲ್ಯ ಹೆಚ್ಚು. ಆಕೆಯ ವಾತ್ಸಲ್ಯವು ಗೋದಿಹುಗ್ಗಿಯ ರೂಪದಲ್ಲಿ ಸೌಟುಗಟ್ಟಲೆ ಇಳಿಯುತ್ತಿದ್ದಿತು. ಬಹಳ ದಿನಗಳ ಮೇಲೆ ಅವರಿಗೆ ಹೊಳೆಯಿತು: ಬಡಿಸಿಕೊಂಡು ಬಿಡುವುದು ಪ್ರಸಾದಕ್ಕೆ ಅಗೌರವ, ಬಡಿಸುವ ಮೊದಲೇ ಕೈ ಅಡ್ಡ ಹಿಡಿಯುವುದು ಅಗೌರವವಲ್ಲ. "ಅರ್ಧ ಸೌಟು ಹಾಕ್ರಿ ಅಜ್ಜೀ, ಬೇಕಾದರ ಕೇಳತೀನಿ" ಎಂದರು. ಅಜ್ಜಿ ನಾಲ್ಕು ದಿನ ಮುನಿಸಿಕೊಂಡು, ಐದನೆಯ ದಿನದಿಂದ ತಾನೇ ಅರ್ಧ ಸೌಟು ಬಡಿಸತೊಡಗಿದಳು.

ದಾರಿ ಸುಗಮವಾಗಿದ್ದಿತೆಂದು ಯಾರೂ ಭಾವಿಸಬಾರದು. ಜಾತ್ರೆಯ ಐದು ದಿನಗಳಲ್ಲಿ ಮೂರು ದಿನ 'ಗೈ' ಬಿದ್ದಿತು; ಮಾದಲಿಯೂ ಮಿರ್ಚಿ ಭಜಿಯೂ ತಮ್ಮ ಪಾಲನ್ನು ಪಡೆದವು. ಆದರೆ ತೇರು ಎಳೆದ ಮರುದಿನ ನಸುಕಿನಲ್ಲಿ ಮಾಸ್ತರರು ಕೆರೆಯ ಏರಿಯ ಮೇಲಿದ್ದರು. ಅದಕ್ಕಿಂತ ಮಿಗಿಲಾದ ಪರೀಕ್ಷೆ ಎಂಟು ತಿಂಗಳ ಮೇಲೆ ಬಂದಿತು. 96ರಿಂದ 90ಕ್ಕೆ ಇಳಿದಿದ್ದ ತೂಕವು ಹನ್ನೊಂದು ಭಾನುವಾರಗಳ ಕಾಲ ಅಲ್ಲಿಯೇ ನಿಂತಿತು. ತಪ್ಪು ಮಾಡಿ ಶಿಕ್ಷೆಯನ್ನು ಅನುಭವಿಸುವುದು ಸುಲಭ. ತಪ್ಪದೆ ನಡೆದೂ ಫಲವನ್ನು ಕಾಣದಿರುವುದು ದುಸ್ಸಹ. ಯಂತ್ರವನ್ನು ಮತ್ತೆ ಅಟ್ಟಕ್ಕೇರಿಸುವ ಮನಸ್ಸಾಯಿತು. ಆಗ ವೈದ್ಯರು ರಕ್ತಪರೀಕ್ಷೆಯ ಫಲಿತಾಂಶವನ್ನು ತೋರಿಸಿದರು. ತೂಕ ನಿಂತಿದ್ದರೂ ಸಕ್ಕರೆಯ ಅಂಶ ಇಳಿದಿದ್ದಿತು. ಇದು ಆಶ್ಚರ್ಯವೇನಲ್ಲ. ಚೆನ್ನೈನ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರು ಆಹಾರವನ್ನೂ ನಡಿಗೆಯನ್ನೂ ತಿದ್ದಿಕೊಂಡಾಗ, ತೂಕವು ಅಷ್ಟಾಗಿ ಇಳಿಯದಿದ್ದರೂ ರೋಗಕ್ಕೆ ತುತ್ತಾಗುವ ಸಂಭವವು ಶೇಕಡ 28ರಷ್ಟು ತಗ್ಗಿದ್ದಿತು. ತಕ್ಕಡಿಯು ಒಬ್ಬ ಸಾಕ್ಷಿ ಮಾತ್ರ, ನ್ಯಾಯಾಧೀಶನಲ್ಲ. ಸೊಂಟದ ಪಟ್ಟಿಯ ರಂಧ್ರ, ಮೆಟ್ಟಿಲೇರುವಾಗಿನ ಉಸಿರು, ರಾತ್ರಿಯ ನಿದ್ರೆ ಇವೂ ಸಾಕ್ಷಿಗಳೇ.

ಎರಡು ವರ್ಷಗಳ ಮೇಲೆ ಮಾಸ್ತರರ ತೂಕ 86ಕ್ಕೆ ಬಂದಿತು. 65 ಇನ್ನೂ ದೂರವಿದೆ. ಬಹುಶಃ ದೂರವೇ ಉಳಿಯಬಹುದು. ಆದರೆ ಇಳಿದ ಒಂದೊಂದು ಕಿಲೋಗೆ ಮೊಣಕಾಲಿನ ಮೇಲಿನ ಭಾರವು ಹೆಜ್ಜೆಯೊಂದಕ್ಕೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತಿಳಿಸಿದೆ. ಹತ್ತು ಕಿಲೋ ಇಳಿದರೆ ಹೆಜ್ಜೆಗೆ ನಲವತ್ತು ಕಿಲೋ. ಈ ಗುಣಾಕಾರವನ್ನು ಮಾಸ್ತರರು ತರಗತಿಯಲ್ಲಿ ಹುಡುಗರಿಗೆ ಲೆಕ್ಕವಾಗಿ ಕೊಟ್ಟದ್ದೂ ಉಂಟು. ಹಸಿವನ್ನು ತಗ್ಗಿಸುವ ಚುಚ್ಚುಮದ್ದುಗಳು ಈಗ ಬಂದಿವೆ. ವೈದ್ಯರ ಸಲಹೆಯಂತೆ ಅವನ್ನು ಪಡೆಯುವುದರಲ್ಲಿ ಲಜ್ಜೆಗೆ ಕಾರಣವಿಲ್ಲ. ಆದರೆ ಮದ್ದು ನಿಲ್ಲಿಸಿದ ಮೇಲೆ ತೂಕವು ಮರಳುವುದು ಸಾಮಾನ್ಯವಾದ್ದರಿಂದ, ದಿನದ ಹಾಜರಿಯಿಂದ ಅಲ್ಲಿಯೂ ಬಿಡುಗಡೆಯಿಲ್ಲ.

ಕಳೆದ ಶ್ರಾವಣದ ಮೊದಲ ಸೋಮವಾರ ಪೂಜೆಯ ಕೋಣೆಯಿಂದ ಕುರ್ಚಿ ಹೊರಗೆ ಬಂದಿತು. ಮಾಸ್ತರರು ಕಂಬಳಿಯನ್ನು ಹಾಸಿ ನೆಲದ ಮೇಲೆ ಕುಳಿತರು. ಪದ್ಮಾಸನವು ಸಾಧ್ಯವಾಗಲಿಲ್ಲ, ಸುಖಾಸನದಲ್ಲಿಯೇ ಕುಳಿತು ಎಡ ಅಂಗೈಯಲ್ಲಿ ಲಿಂಗವನ್ನು ಹಿಡಿದರು. ಪೂಜೆ ಮುಗಿದ ಮೇಲೆ ಗೋಡೆಗೆ ಒಂದು ಕೈಯೂರಿ ಎದ್ದರು, ಮಗನನ್ನು ಕರೆಯಲಿಲ್ಲ. ಪಂಚಮಿಗೆ ಬಂದ ತಂಗಿಯ ಡಬ್ಬಿಯಿಂದ ಒಂದು ಉಂಡಿಯನ್ನು ತೆಗೆದುಕೊಂಡು, ಅವಳೆದುರಿನಲ್ಲಿಯೇ ಸಂತೋಷದಿಂದ ತಿಂದರು. ಆ ಒಂದರೊಂದಿಗೆ ಆ ದಿನದ ಉಂಡಿಗಳು ಮುಗಿದವು.

ಶಾಲೆ ಬಿಟ್ಟು ಕುಳಿತಿದ್ದ ಆ ಹುಡುಗನು ಎಸ್.ಎಸ್.ಎಲ್.ಸಿ. ಮುಗಿಸಿ ಐ.ಟಿ.ಐ. ಸೇರಿದ್ದಾನೆ. ಮಾಸ್ತರರ ನೋಟುಪುಸ್ತಕಗಳು ಈಗ ನಾಲ್ಕಾಗಿವೆ. ನಾಲ್ಕನೆಯದರ ಕೊನೆಯ ಪುಟದಲ್ಲಿ, ಮದುವೆಯೊಂದರ ಕಾರಣದಿಂದ ಶನಿವಾರ ಒಂದು 'ಗೈ', ಭಾನುವಾರ ಇನ್ನೊಂದು 'ಗೈ' ಇವೆ. ಸೋಮವಾರದ ಮನೆಯಲ್ಲಿ 'ಹಾ' ಎಂದಿದೆ.